ಮನೆಯೊಳಗಿನ ಹಿಂಸೆ: ಸರ್ಕಾರದ ಹೊಣೆ ಏನು?

ಇಲವಾಲದ ಬೀದಿಯೊಂದರಲ್ಲಿ ರಾತ್ರಿ ಪಕ್ಕದ ಮನೆಯಿಂದ ಹೆಣ್ಣುಮಗಳ ಅಳು ಕೇಳಿಸಿತೆನ್ನಿ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ನೀವು ಸುಮ್ಮನಾಗಬಹುದು. ಸರ್ಕಾರ ಸುಮ್ಮನಿರುವಂತಿಲ್ಲ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಪ್ರಕಾರ ರಾಜ್ಯ ಸರ್ಕಾರ ಪ್ರತಿ ಜಿಲ್ಲೆಗೂ ಸಂರಕ್ಷಣಾಧಿಕಾರಿಗಳನ್ನು ನೇಮಿಸಬೇಕು. ಪೊಲೀಸರು ನೊಂದವಳಿಗೆ ಆಕೆಯ ಹಕ್ಕುಗಳನ್ನೂ ಉಚಿತ ಕಾನೂನು ನೆರವನ್ನೂ ತಿಳಿಸಬೇಕು. ಅರ್ಜಿ ಬಂದ 3 ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು. ಆಕೆಯನ್ನು ಮನೆಯಿಂದ ಹೊರದೂಡದಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅವರ ರಕ್ಷಣಾ ಆದೇಶದಂತೆ ಸಕಾರಣವಿಲ್ಲದೆ ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೂ 1 ವರ್ಷದವರೆಗೆ ಸಜೆಯುಂಟು. ಟೆಲಿವಿಷನ್, ರೇಡಿಯೋಗಳಲ್ಲಿ ಕಾಯ್ದೆಯನ್ನು ಪ್ರಚಾರ ಮಾಡುವುದೂ ಸರ್ಕಾರದ ಕರ್ತವ್ಯವೇ.

ಇನ್ನು ನಿಮ್ಮ ಪಾಲು? ಸದುದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರನ್ನು ಕಾನೂನು ಹೊಣೆ ಮಾಡುವುದಿಲ್ಲ. ಮಹಿಳಾ ಸಹಾಯವಾಣಿ 181 ನೆನಪಿರಲಿ.