ಮಾತು, ಓದು, ಆಟ: ಮಕ್ಕಳ ಥೆರಪಿಸ್ಟ್ ತಯಾರಾಗುವ ಬಗೆ

ಮಾತು ತಡವಾದ, ಓದು ತಲೆಗೆ ಹತ್ತದ, ಆಟಿಸಂ ಇರುವ ಮಕ್ಕಳಿಗೆ ನೆರವಾಗುವ ವೃತ್ತಿ ಒಂದೇ ಅಲ್ಲ. ಮಾತು, ಭಾಷೆಗೆ ಸ್ಪೀಚ್ ಥೆರಪಿಸ್ಟ್ ಇದ್ದಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಪೆನ್ಸಿಲ್ ಹಿಡಿಯುವುದು, ತಾನೇ ಕಲಸಿ ಉಣ್ಣುವುದು ಇಂಥವನ್ನು ಆಕ್ಯುಪೇಷನಲ್ ಥೆರಪಿಸ್ಟ್ ರೂಢಿ ಮಾಡಿಸುತ್ತಾರೆ. ಓದು, ಬರಹ, ಲೆಕ್ಕ ವಿಶೇಷ ಶಿಕ್ಷಕರ ಪಾಲು. ಬುದ್ಧಿಮಟ್ಟ ಮತ್ತು ನಡವಳಿಕೆಯ ಪರೀಕ್ಷೆ ಕ್ಲಿನಿಕಲ್ ಸೈಕಾಲಜಿಸ್ಟರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದ್ದು, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ನ್ಯೂನತೆ ಮೂರೂ ಅದರಲ್ಲಿವೆ. ಹಕ್ಕು ಕಾಗದದ ಮೇಲಿದೆ. ಅದನ್ನು ಮಗುವಿನವರೆಗೆ ತಲುಪಿಸಬೇಕಾದವರ ತರಬೇತಿ ಹೇಗಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಈ ತರಬೇತಿಗೆ ಕರ್ನಾಟಕದಲ್ಲಿ ಹಳೆಯ ನೆಲೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಸ್ಪೀಚ್ ಥೆರಪಿಸ್ಟ್ ಆಗಲು ಪದವಿ ಕೋರ್ಸ್ ನಾಲ್ಕು ವರ್ಷದ್ದು. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಕಿವಿಯ ರಚನೆ, ಧ್ವನಿಶಾಸ್ತ್ರ, ನರಶಾಸ್ತ್ರ, ಭಾಷಾಶಾಸ್ತ್ರ ಎಲ್ಲವನ್ನೂ ಓದಬೇಕು. 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿಲ್ಲದವರು ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವಂತಿಲ್ಲ. ಮಗುವನ್ನು ಕರೆದೊಯ್ಯುವ ಮೊದಲು ಆ ನೋಂದಣಿಯನ್ನು ಕೇಳಿ ತಿಳಿದುಕೊಳ್ಳುವುದು ತಂದೆತಾಯಿಯ ಹಕ್ಕು.

ಪುಸ್ತಕದಿಂದ ಕಲಿಯಲಾಗದ ಭಾಗ ಆಮೇಲೆ ಬರುತ್ತದೆ. ಗೋವಾದ ವಾಸ್ಕೋ ನಗರದ ಮಂಗೋರ್ ಹಿಲ್ ಅದಕ್ಕೆ ಒಳ್ಳೆಯ ಉದಾಹರಣೆ. ಈ ಒತ್ತೊತ್ತು ಮನೆಗಳ ಗುಡ್ಡದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳಿವೆ. ಇಂಥ ಕುಟುಂಬದ ಮಗುವಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇನ್ನೊಂದು ಭಾಷೆ ಎದುರಾಗಬಹುದು. ಶಾಲೆಯಲ್ಲಿ ಬಾಯಿ ಬಿಡದ ಮಗುವಿಗೆ ನಿಜಕ್ಕೂ ತೊಂದರೆ ಇದೆಯೋ, ಶಾಲೆಯ ಭಾಷೆ ಹೊಸದೋ? ತರಬೇತಿ ಪಡೆದ ಥೆರಪಿಸ್ಟ್ ಮೊದಲು ಬೇರ್ಪಡಿಸಬೇಕಾದದ್ದು ಇದನ್ನೇ. ಭಾಷೆಯ ಬೆಳವಣಿಗೆಯಲ್ಲೇ ತೊಂದರೆ ಇದ್ದರೆ ಅದು ಮನೆಮಾತಿನಲ್ಲೂ ಕಾಣುತ್ತದೆ. ಒಂದು ಭಾಷೆಯಲ್ಲಿ ಮಾತ್ರ ಹಿಂದಿದ್ದರೆ ಆ ಭಾಷೆ ಇನ್ನೂ ಕಿವಿಗೆ ಬಿದ್ದದ್ದು ಸಾಲದೆಂದೇ ಸಾಮಾನ್ಯವಾಗಿ ಅರ್ಥ. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ, ಭಾಷಾ ನ್ಯೂನತೆಯೂ ಹುಟ್ಟುವುದಿಲ್ಲ. ಹಾಗಿದ್ದೂ ‘ಮನೆಯಲ್ಲಿ ಒಂದೇ ಭಾಷೆ ಆಡಿ, ಕನ್ನಡ ಬಿಡಿ’ ಎನ್ನುವ ಸಲಹೆ ಇಂದಿಗೂ ಕೇಳಿಬರುತ್ತದೆ. ತಾಯಿಗೆ ಸಲೀಸಾಗಿ ಬರುವ ಏಕೈಕ ಭಾಷೆಯನ್ನು ಕಿತ್ತುಕೊಳ್ಳುವ ಈ ಸಲಹೆ ಮಗುವಿಗೆ ಮಾಡುವ ಅನ್ಯಾಯ.

ಕನ್ನಡದೊಳಗೂ ಎಚ್ಚರ ಬೇಕು. ಚಿತ್ರ ತೋರಿಸಿ ಹೆಸರು ಹೇಳಿಸುವ ಪರೀಕ್ಷೆಯಲ್ಲಿ ಬಾಗಲಕೋಟೆ ಕಡೆಯ ಮಗು ‘ಮನಿ’, ‘ಕುದರಿ’ ಎನ್ನುತ್ತದೆ. ಈರುಳ್ಳಿಯ ಚಿತ್ರಕ್ಕೆ ‘ಉಳ್ಳಾಗಡ್ಡಿ’ ಎನ್ನುತ್ತದೆ. ಮೂರೂ ಸರಿಯುತ್ತರ. ಮೈಸೂರು ಕಡೆಯ ಉಚ್ಚಾರವನ್ನೇ ಅಳತೆಗೋಲು ಮಾಡಿಕೊಂಡವರು ಇವನ್ನು ತಪ್ಪೆಂದು ಗುರುತಿಸಿಬಿಟ್ಟಾರು. ಅದೇ ಮಗು ‘ಕುದರಿ’ಯನ್ನು ‘ತುದಲಿ’ ಎಂದರೆ ಮಾತ್ರ ಥೆರಪಿಸ್ಟ್ ಅದನ್ನು ಬರೆದುಕೊಂಡು ವಯಸ್ಸು ಕೇಳಬೇಕು. ‘ಕ’ ಬೇಗ ಬರುವ ಧ್ವನಿ, ‘ರ’ ತಡವಾಗಿ ಕೂಡಿಬರುವಂಥದ್ದು. ಮೂರು ವರ್ಷದ ಮಗು ‘ರ’ ಬದಲು ‘ಲ’ ಎಂದರೆ ಚಿಂತೆಯಿಲ್ಲ, ಏಳು ವರ್ಷದ್ದು ಎಂದರೆ ಗಮನಿಸಬೇಕು.

ಓದಿನ ವಿಷಯ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಮಕ್ಕಳಿಗಾಗಿ ಹುಟ್ಟಿದ ಡಿಸ್ಲೆಕ್ಸಿಯಾ (ಓದಿನ ನ್ಯೂನತೆ) ಪರೀಕ್ಷೆಗಳು ಪದವನ್ನು ಬಿಡಿ ಧ್ವನಿಗಳಾಗಿ ಒಡೆಯಲು ಕೇಳುತ್ತವೆ. ಕನ್ನಡದ ಲಿಪಿ ಅಕ್ಷರವನ್ನು ಘಟಕವಾಗಿಟ್ಟುಕೊಂಡದ್ದು. ‘ಕಿ’ ಎಂಬಲ್ಲಿ ‘ಕ್’ ಮತ್ತು ‘ಇ’ ಬೆಸೆದುಕೊಂಡೇ ಕಾಣುತ್ತವೆ. ಕನ್ನಡ ಕಲಿಯುವ ಮಕ್ಕಳಲ್ಲಿ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆ, ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಮಗು ಗುರುತು ಹಿಡಿಯಬೇಕು. ಎರಡನೇ ತರಗತಿಯ ಮಗು ‘ಪುಸ್ತಕ’ವನ್ನು ‘ಪುಸಕ’ ಎಂದು ಓದಿದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಎನ್ನಲಾಗದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷೆ ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್‌ಗಳಲ್ಲಿ ಇರುವುದು ಇಂಥ ಗೊಂದಲ ತಗ್ಗಿಸುವ ದೊಡ್ಡ ಹೆಜ್ಜೆ.

ಪದವೀಧರ ಥೆರಪಿಸ್ಟರು ನಗರಗಳಲ್ಲೇ ಹೆಚ್ಚು. ಉಳಿದ ಕಡೆ ಏನು ಮಾಡಬೇಕು? ಗೋವಾದಲ್ಲೇ ಇದಕ್ಕೊಂದು ಉತ್ತರ ಹುಡುಕಲಾಯಿತು. 1996ರಲ್ಲಿ ಸ್ಥಾಪನೆಯಾದ ಸಂಗಾತ್ ಸಂಸ್ಥೆ, ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಮತ್ತು ಬ್ರಿಟನ್ನಿನ ತಜ್ಞರ ಜೊತೆಗೂಡಿ ಆಟಿಸಂ ಇರುವ ಮಕ್ಕಳಿಗಾಗಿ ‘ಪಾಸ್’ ಎಂಬ ಕ್ರಮವನ್ನು ಪರೀಕ್ಷಿಸಿತು. ಇಲ್ಲಿ ಥೆರಪಿ ಕೊಟ್ಟವರು ಪರಿಣತ ಥೆರಪಿಸ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ತಾಯಿ ಮಗುವಿನೊಡನೆ ಹತ್ತು ನಿಮಿಷದಷ್ಟು ಆಡುವುದನ್ನು ವಿಡಿಯೊ ಮಾಡಿ, ತಾಯಿ ಮತ್ತು ಕಾರ್ಯಕರ್ತೆ ಕೂತು ನೋಡುತ್ತಾರೆ. ಮಗು ಆಟದ ಕಾರಿನ ಗಾಲಿ ತಿರುಗಿಸುತ್ತ ಒಮ್ಮೆ ತಾಯಿಯತ್ತ ಕಣ್ಣೆತ್ತಿರುತ್ತದೆ. ಅಷ್ಟರಲ್ಲಿ ತಾಯಿ ‘ಇದು ಯಾವ ಬಣ್ಣ?’ ಎಂದು ಕೇಳಿರುತ್ತಾಳೆ, ಮಗು ಮುಖ ತಿರುಗಿಸಿರುತ್ತದೆ. ಕಾರ್ಯಕರ್ತೆ ತಪ್ಪು ಎತ್ತಿ ಆಡುವುದಿಲ್ಲ. ವಿಡಿಯೊ ಅಲ್ಲೇ ನಿಲ್ಲಿಸಿ, ಮಗು ಆಗ ಏನು ನೋಡುತ್ತಿತ್ತು ಎಂದು ಕೇಳುತ್ತಾಳೆ. ಮುಂದಿನ ಸಲ ತಾಯಿ ಪ್ರಶ್ನೆ ಬಿಟ್ಟು ‘ಗಾಲಿ ತಿರುಗಾಕತ್ತೈತಿ’ ಎಂದಷ್ಟೇ ಹೇಳಿ ಕಾಯಬಹುದು.

2ರಿಂದ 9 ವರ್ಷದ 65 ಮಕ್ಕಳ ಮೇಲಿನ ಈ ಪ್ರಯೋಗದ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂತು. ಪೋಷಕರು ಮಗುವಿನ ಆಸಕ್ತಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತ್ತು, ಮಗು ತಾನಾಗಿ ಸಂವಹನ ಶುರು ಮಾಡುವುದೂ ಹೆಚ್ಚಿತ್ತು. ಆದರೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಕಡಿಮೆಯಾಗಿತ್ತು. ಅಳತೆ ಚಿಕ್ಕದು, ಎಲ್ಲವೂ ಗೆಲುವಲ್ಲ. ಆದರೂ ಥೆರಪಿಯ ಪದವಿಯಿಲ್ಲದವರನ್ನೂ ಈ ಕೆಲಸಕ್ಕೆ ಸಿದ್ಧಗೊಳಿಸಬಹುದೆಂಬುದಕ್ಕೆ ಆಧಾರ ಸಿಕ್ಕಿತು.

ಅದಕ್ಕೊಂದು ಷರತ್ತಿದೆ: ಮೇಲ್ವಿಚಾರಣೆ. ಕೆಲವು ದಿನದ ಶಿಬಿರ ಮುಗಿಸಿ ಪ್ರಮಾಣಪತ್ರ ಕೊಟ್ಟು ಕಳಿಸಿದರೆ ಕೌಶಲ ನಿಲ್ಲುವುದಿಲ್ಲ. ಹೊಸಬರು ನಡೆಸಿದ ಅವಧಿಯನ್ನು ಹಿರಿಯರು ನೋಡಿ, ಕ್ರಮದಂತೆ ನಡೆಯಿತೇ ಎಂದು ಅಂಕ ಹಾಕಿ, ಎಡವಿದ ಕಡೆ ಮತ್ತೆ ಮಾಡಿಸಬೇಕು. ತಮ್ಮ ಮಿತಿ ಮೀರಿದ್ದನ್ನು ಗುರುತಿಸುವುದೂ ಇದೇ ತರಬೇತಿಯ ಭಾಗ: ಕಲಿತ ಮಾತು ಮರೆಯುತ್ತಿರುವ ಮಗು, ಫಿಟ್ಸ್ ಬರುವ ಮಗು, ಕಿವಿ ಕೇಳಿಸದಂತೆ ತೋರುವ ಮಗು ಇವರನ್ನು ತಡಮಾಡದೆ ವೈದ್ಯರಲ್ಲಿಗೆ ಕಳಿಸಬೇಕು. ಒಬ್ಬರೇ ಎಲ್ಲವನ್ನೂ ಗುರುತಿಸಲಾಗದು. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ್ 2000ದಲ್ಲಿ ಆರಂಭಿಸಿದ ಕಾಮ್ ಡಿಯಾಲ್ ಕಾರ್ಯಕ್ರಮದಲ್ಲಿ ಬೇರೆ ಬೇರೆ ಪರಿಣತರು ಒಂದೇ ತಂಡವಾಗಿ ಮಕ್ಕಳೊಡನೆ ದುಡಿಯುತ್ತಾರೆ. ಅಂಥ ತಂಡದಲ್ಲಿ ಒಬ್ಬರ ಕಣ್ಣಿಗೆ ಬೀಳದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಮಂಗೋರ್ ಹಿಲ್‌ನಂಥ ಜಾಗಕ್ಕೆ ಬೇಕಾದದ್ದು ಆ ಗುಡ್ಡದಲ್ಲೇ ಬೆಳೆದು, ಉತ್ತರ ಕರ್ನಾಟಕದ ಕನ್ನಡವನ್ನೂ ಕೊಂಕಣಿಯನ್ನೂ ಆಡಬಲ್ಲ ಕಾರ್ಯಕರ್ತೆಯರು, ಮತ್ತು ಅವರ ಕೆಲಸವನ್ನು ವಾರವಾರ ನೋಡಿ ತಿದ್ದುವ ಒಬ್ಬ ನೋಂದಾಯಿತ ಥೆರಪಿಸ್ಟ್.