ಕಲೆ ಮೂರಡಿ, ಲೆಕ್ಕ ಹತ್ತು ಚದರ

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ 101.6 ಮಿ.ಮೀ. ದಾಖಲೆ ಅಂದು ಮುರಿಯಿತು. ಹತ್ತು ಚದರದ ಮನೆಯ ತಾರಸಿಗೆ ಇದನ್ನು ಇಳಿಸಿ ನೋಡೋಣ. ಸಾವಿರ ಚದರ ಅಡಿ ಎಂದರೆ 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಒಂದೇ ದಿನ 10,300 ಲೀಟರ್ ನೀರು ಆ ತಾರಸಿಯ ಮೇಲೆ ಬಿದ್ದಿತು. ಊರಿನ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸು ಎಂದು ಹಿಡಿದರೆ ವರ್ಷಕ್ಕೆ 93,000 ಲೀಟರ್. ಸೀಲಿಂಗ್ ಮೇಲೆ ಮೂಡಿದ ಕಂದು ಕಲೆಯನ್ನು ನೋಡುವಾಗ ನೆನಪಿಡಬೇಕಾದ ಮೊದಲ ಅಂಕಿ ಇದು.

ಬೆಂಗಳೂರಿನ ಸರ್ವಜ್ಞನಗರ ಕ್ಷೇತ್ರದಲ್ಲಿ ಹಳೆಯ ಮನೆ ಎಂದರೆ ಎರಡು ಬಗೆ. ಕುಕ್ ಟೌನ್, ಕಾಕ್ಸ್ ಟೌನ್ ಕಡೆ ದಂಡು ಕಾಲದ ಮನೆಗಳಿಗೆ ಮದ್ರಾಸ್ ತಾರಸಿ: ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯ ಗಾರೆ, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಕಡೆ ಆಮೇಲಿನ ಆರ್‌ಸಿಸಿ ಮನೆಗಳು. ಎರಡೂ ಸೋರುತ್ತವೆ, ಆದರೆ ಎರಡರ ಔಷಧ ಒಂದೇ ಅಲ್ಲ.

ಸೋರಿಕೆಯ ಮೂಲ ಬಹಳ ಸಲ ಬಿರುಕಿಗಿಂತ ಮೊದಲು ಮಳೆನೀರಿನ ಪೈಪಿನಲ್ಲಿರುತ್ತದೆ. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 75 ಮಿ.ಮೀ. ಪೈಪ್ ಹೊರಬಲ್ಲದ್ದು 20.4 ಚದರ ಮೀಟರ್ ತಾರಸಿಯ ನೀರನ್ನು, 100 ಮಿ.ಮೀ. ಪೈಪ್ 42.7 ಚದರ ಮೀಟರಿನದನ್ನು. ನಮ್ಮ 93 ಚದರ ಮೀಟರಿಗೆ ಸಣ್ಣ ಪೈಪಾದರೆ ಐದು, ದೊಡ್ಡದಾದರೆ ಮೂರು ಬೇಕು. ಹಳೆಯ ಮನೆಗಳಲ್ಲಿ ಎರಡಿದ್ದರೆ ಹೆಚ್ಚು, ಅದರಲ್ಲೊಂದರ ಬಾಯಿಗೆ ಎಲೆ ಕಟ್ಟಿಕೊಂಡಿರುತ್ತದೆ. ಆಗ ತಾರಸಿಯಲ್ಲಿ ಒಂದಂಗುಲ ನೀರು ನಿಂತರೂ 2.4 ಟನ್ ಭಾರ. ವಾಟ ನೂರಕ್ಕೆ ಒಂದರಂತೆ ಇರಬೇಕು. 30 ಅಡಿ ಉದ್ದಕ್ಕೆ 3.6 ಅಂಗುಲ ಇಳಿಜಾರು. ದುರಸ್ತಿಗೆ ಬಂದವರು ಅಳೆಯುವ ಟೇಪನ್ನೂ ಮಟ್ಟದ ಪೈಪನ್ನೂ ಹಿಡಿಯದೆ ಬ್ರಷ್ ಹಿಡಿದರೆ ಅಲ್ಲೇ ತಡೆಯಬೇಕು.

ಈಗ ಆರ್‌ಸಿಸಿ ಮನೆಯ ಒಳಗಿನ ಖರ್ಚು. ಕೋಣೆ 10 ಅಡಿಗೆ 12 ಅಡಿ, ಬೂಷ್ಟು ಹಿಡಿದ ಕಲೆ ಮೂರಡಿಗೆ ಮೂರಡಿ. ಸುತ್ತ ಒಂದೊಂದು ಅಡಿ ಬಿಟ್ಟು ಕೆತ್ತಿದರೆ 25 ಚದರ ಅಡಿ. 6 ಮಿ.ಮೀ. ದಪ್ಪದ ಗಾರೆ, ಒಂದಕ್ಕೆ ಮೂರು ಮರಳು; ಪೋಲಾಗುವುದೂ ಸೇರಿ ಸಿಮೆಂಟ್ 8 ಕೆ.ಜಿ. ಮೂಟೆಗೆ 400 ರೂಪಾಯಿ ಎಂದರೂ 64 ರೂಪಾಯಿ. (2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರಿ 400 ಇದ್ದ ಮೂಟೆ ಆ ಲೆಕ್ಕದಲ್ಲಿ 369ಕ್ಕೆ ಬರಬೇಕು.) ಮರಳಿಗೆ 50. ಮೇಸ್ತ್ರಿ ಮತ್ತು ಸಹಾಯಕನ ಒಂದು ದಿನದ ಕೂಲಿಗೆ 2,000 ಹಿಡಿಯಿರಿ. ತೇಪೆ ಎದ್ದು ಕಾಣದಿರಲು 120 ಚದರ ಅಡಿಗೂ ಬಣ್ಣ ಬೇಕು: ಪುಟ್ಟಿ 10 ಕೆ.ಜಿ., ಪ್ರೈಮರ್ ಒಂದು ಲೀಟರ್, ಎಮಲ್ಷನ್ ಎರಡು ಲೀಟರ್, ಒಟ್ಟು 1,150. ಪೇಂಟರ್‌ಗೆ ಎರಡು ದಿನ, 2,000. ಕೂಡಿದರೆ 5,264 ರೂಪಾಯಿ. ಇದರಲ್ಲಿ ಮುಕ್ಕಾಲು ಪಾಲು ಕೂಲಿ. ತಾರಸಿಯನ್ನು ಮುಟ್ಟದೆ ಇದೇ ಕೆಲಸವನ್ನು ವರ್ಷ ವರ್ಷ ಮಾಡಿಸಿದರೆ ಎಂಟನೆಯ ಮಳೆಗಾಲಕ್ಕೆ 42,000 ದಾಟುತ್ತದೆ.

ಅದೇ ಆರ್‌ಸಿಸಿ ತಾರಸಿಗೆ ಬಿರುಕು ತುಂಬಿ ಎರಡು ಕೋಟ್ ವಾಟರ್‌ಪ್ರೂಫ್ ಲೇಪ ಹಾಕಲು, ಲೀಟರಿಗೆ 35 ಚದರ ಅಡಿಯಂತೆ, 29 ಲೀಟರ್ ಬೇಕು. ಕೂಲಿ ಸೇರಿ ಚದರ ಅಡಿಗೆ 40 ರೂಪಾಯಿ ಕೇಳಿದರೂ 40,000. ತಡಮಾಡಿದರೆ ಬೀಳುವ ಖರ್ಚು ಬೇರೆಯೇ. ಹಳೆಯ ಸ್ಲ್ಯಾಬುಗಳಲ್ಲಿ ಕಂಬಿಯ ಕೆಳಗಿನ ಕಾಂಕ್ರೀಟ್ 15 ಮಿ.ಮೀ. ಮಾತ್ರ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬಿ ಆ ಪದರವನ್ನೇ ಸಿಡಿಸುತ್ತದೆ. ಕೋಲಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಆ ಜಾಗದ ಕೆಳಗೆ ಮಂಚ, ತೊಟ್ಟಿಲು ಇಡಬಾರದು.

ಮದ್ರಾಸ್ ತಾರಸಿಯ ವಿಷಯದಲ್ಲಿ ನನಗೆ ನಿಜವಾಗಿಯೂ ಭಯವಿದೆ. ಸೋರಿದಾಗಲೆಲ್ಲ ಮೇಲೊಂದು ಕಾಂಕ್ರೀಟ್ ಪದರ ಸುರಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೂರಂಗುಲದ ಕಾಂಕ್ರೀಟ್ ಚದರ ಮೀಟರಿಗೆ 180 ಕೆ.ಜಿ.; ಹತ್ತು ಚದರಕ್ಕೆ ಸುಮಾರು 17 ಟನ್. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಸಂಹಿತೆ ಹಿಡಿಯುವ ಓಡಾಟದ ಭಾರವೇ ಚದರ ಮೀಟರಿಗೆ ಸುಮಾರು 150 ಕೆ.ಜಿ. ಅದನ್ನೂ ಮೀರಿದ ಭಾರವನ್ನು ನೆನೆದ ಜಂತೆಗಳ ಮೇಲೆ ಸದಾಕಾಲಕ್ಕೆ ಹೇರಿದಂತಾಯಿತು. ಸಿಮೆಂಟ್ ಬಿಗಿಯಾಗಿ ಮುಚ್ಚಿದ ಮೇಲೆ ಒಳಗಿನ ತೇವಕ್ಕೆ ಮೇಲೇಳುವ ದಾರಿಯೂ ಇಲ್ಲ. ಅದು ಮರಕ್ಕೇ ಇಳಿಯುತ್ತದೆ. ಗೋಡೆಯೊಳಗೆ ಹೊಕ್ಕ ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಪುಡಿಯಾಗಿ ಒಳಗೆ ಬಿಟ್ಟುಕೊಡುತ್ತದೆ. ತೇವಾಂಶ ಶೇ 20 ದಾಟಿದ ಮರ ಕೊಳೆಯತೊಡಗುತ್ತದೆ. ಇಲ್ಲಿ ಸರಿಯಾದ ಕೆಲಸವೆಂದರೆ ಹಳೆಯ ಪದರ ಕಿತ್ತು, ಎಷ್ಟು ತೂಕ ಕೆಳಗಿಳಿಯಿತೋ ಅಷ್ಟರೊಳಗೇ ಸುಣ್ಣದ ಗಾರೆಯನ್ನು ಮತ್ತೆ ಹಾಕಿ, ದಿಮ್ಮಿಸಿ, ಹೆಂಚು ಕೂರಿಸುವುದು. ಆ ಗಾರೆಗೆ ಅಳಲೆಕಾಯಿ, ಬೆಲ್ಲದ ನೀರು ಬೆರೆಸುತ್ತಿದ್ದ ಕೈಗಳು ಈಗ ವಿರಳ. ಸಿಕ್ಕರೆ ಕೇಳಿದಷ್ಟು ಕೂಲಿ ಕೊಟ್ಟು ಕರೆಯಿರಿ.

ಬೂಷ್ಟನ್ನು ಬರೀ ಅಂದಗೇಡು ಎನ್ನಬೇಡಿ. ತೇವ, ಬೂಷ್ಟು ಇರುವ ಮನೆಗಳಲ್ಲಿ ಆಸ್ತಮಾ ಮತ್ತು ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಅಮೆರಿಕದ ಪರಿಸರ ಸಂಸ್ಥೆಯ ಸಲಹೆಯಂತೆ ನೆನೆದದ್ದು 24ರಿಂದ 48 ಗಂಟೆಯೊಳಗೆ ಒಣಗಬೇಕು, ಒಳಗಿನ ತೇವಾಂಶ ಶೇ 60ಕ್ಕಿಂತ ಕೆಳಗಿರಬೇಕು, 10 ಚದರ ಅಡಿಯೊಳಗಿನ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಮುಖಕ್ಕೆ ಎನ್-95 ಮಾಸ್ಕ್ ಇರಲಿ. ಒಣ ಬ್ರಷ್‌ನಿಂದ ಉಜ್ಜಿದರೆ ಪುಡಿ ಮನೆಯೆಲ್ಲ ಹಾರುತ್ತದೆ, ಒದ್ದೆ ಮಾಡಿಯೇ ಕೆರೆಯಬೇಕು. ಬೂಷ್ಟಿನ ಮೇಲೆ ಬಳಿದ ಬಣ್ಣ ಸಿಪ್ಪೆ ಏಳುತ್ತದೆ.

ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಮಳೆಯಿಲ್ಲದ ವಾರದಲ್ಲೂ ಗೆರೆ ದಾಟಿದರೆ ಅದು ಬಹುಶಃ ತಾರಸಿಯದಲ್ಲ, ಮೇಲಿನ ಬಚ್ಚಲು ಅಥವಾ ಟ್ಯಾಂಕಿನ ಪೈಪಿನದು. ಮಳೆಗೇ ಬೆಳೆದರೆ ಊರಿನ ಮಳೆಯ ಲೆಕ್ಕ ನೋಡಿ ಕೆಲಸ ಇಟ್ಟುಕೊಳ್ಳಿ: ಸೆಪ್ಟೆಂಬರಿನಲ್ಲಿ ಸರಾಸರಿ 200 ಮಿ.ಮೀ. ಮೀರುತ್ತದೆ, ಜನವರಿ ಫೆಬ್ರವರಿ ಎರಡೂ ಸೇರಿ 10 ಮಿ.ಮೀ. ಮುಟ್ಟುವುದಿಲ್ಲ. ನೆನೆದ ಗಾರೆ ಒಣಗಲು ಅಂಗುಲಕ್ಕೆ ಒಂದು ತಿಂಗಳು ಎಂಬುದು ಹಳಬರ ಲೆಕ್ಕ. ತಾರಸಿಯ ಕೆಲಸ ಜನವರಿಗೆ, ಒಳಗಿನ ಕೆತ್ತನೆ ಮಾರ್ಚಿಗೆ, ಬಣ್ಣ ಏಪ್ರಿಲಿಗೆ.