ನಾಲಿಗೆಯ ಜುಮ್ಮು

ಚೀನಾದ ಸಿಚುವಾನ್ ಪ್ರಾಂತದ ಚೆಂಗ್ಡು ನಗರದಲ್ಲಿ, ೧೮೬೨ರ ಸುಮಾರಿಗೆ, ಸೇತುವೆಯೊಂದರ ಬಳಿ ಚೆನ್ ಮನೆತನದ ಗೃಹಿಣಿಯೊಬ್ಬಳು ಊಟದ ಅಂಗಡಿ ನಡೆಸುತ್ತಿದ್ದಳೆಂದು ಪ್ರತೀತಿ. ಎಣ್ಣೆ ಹೊರುವ ಕೂಲಿಗಳಿಗೆಂದು ಆಕೆ ಮಾಡಿದ ಖಾರದ ಖಾದ್ಯವೇ ‘ಮಾಪೊ ತೋಫು’. ಸೋಯಾ ಅವರೆಯ ಹಾಲನ್ನು ಒಡೆಸಿ ಗಟ್ಟಿಗೊಳಿಸಿದುದು ತೋಫು. ಅದಕ್ಕೆ ಕೊಚ್ಚಿದ ಮಾಂಸದ ಜೊತೆ. ಮೊದಲು ದನದ ಮಾಂಸ ಬಳಕೆಯಲ್ಲಿತ್ತು. ಇಂದು ಅನೇಕ ಮನೆಗಳಲ್ಲಿ ಹಂದಿಯ ಕೈಮಾ ಬಳಸುತ್ತಾರೆ. ಆಕೆಯ ಮುಖದಲ್ಲಿ ಸಿಡುಬಿನ ಕಲೆಗಳಿದ್ದುದರಿಂದ ‘ಮಾ’ ಎಂಬ ವಿಶೇಷಣ ಬಂದಿತು. ವಿಚಿತ್ರವೆಂದರೆ, ಅದೇ ಅಕ್ಷರಕ್ಕೆ ‘ಜೋಮು’ ಎಂಬ ಅರ್ಥವೂ ಉಂಟು. ಈ ಖಾದ್ಯದ ಜೀವಾಳವೂ ಆ ಜೋಮೇ.

ಇದರ ಖಾರ ನಮಗೆ ಹೊಸದಲ್ಲ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಸಿಚುವಾನಿಗೂ ಬಂದಿತು, ಪೋರ್ಚುಗೀಸರ ಹಡಗುಗಳಲ್ಲಿ ನಮಗೂ ಬಂದಿತು. ನಾಲಿಗೆಯನ್ನು ನಡುಗಿಸುವುದು ಮತ್ತೊಂದು ವಸ್ತು: ಸಿಚುವಾನ್ ಮೆಣಸು. ಅದರ ಸ್ಪರ್ಶವು ತುಟಿಯಲ್ಲಿ ಸೆಕೆಂಡಿಗೆ ಸುಮಾರು ೫೦ ಬಾರಿ ಕಂಪಿಸಿದಂತೆ ಭಾಸವಾಗುವುದೆಂದು ಲಂಡನ್ನಿನ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದರು. ಅದೇ ಕುಲದ ಮರವೊಂದು ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುತ್ತದೆ. ಕರಾವಳಿಯ ಜನ ಮೀನಿನ ಸಾರಿಗೆ ಹಾಕುವ ಅದರ ಕಾಯಿಗೆ ಕನ್ನಡದ ಹೆಸರು ಜುಮ್ಮಿನಕಾಯಿ. ಘಮದಲ್ಲಿ ಕೊಂಚ ಭಿನ್ನ, ಜುಮ್ಮಿನಲ್ಲಿ ಸೋದರ.

ಸೆಟ್ಟೂರಿನಂತಹ ಬಯಲುಸೀಮೆಯಲ್ಲಿ ಈ ಅಡುಗೆ ಅಸಾಧ್ಯವಲ್ಲ. ಅನಂತಪುರದ ನೆಲ ಕಡಲೆಕಾಯಿಯ ನೆಲ, ಎಣ್ಣೆಗೆ ಕೊರತೆಯಿಲ್ಲ. ತೋಫು ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಕಾಲು ಕಿಲೋ ಸೋಯಾ ಅವರೆಯನ್ನು ರಾತ್ರಿ ನೆನೆಸಿ, ನೀರು ಬೆರೆಸಿ ರುಬ್ಬಿ, ಸೋಸಿ, ಹಾಲನ್ನು ಹತ್ತು ನಿಮಿಷವಾದರೂ ಕುದಿಸಬೇಕು. ಹಸಿ ಸೋಯಾ ಜೀರ್ಣವಾಗದು. ಬಳಿಕ ನೀರಿನಲ್ಲಿ ಕಲಸಿದ ನಿಂಬೆರಸದಿಂದ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರವಿಡಬೇಕು.

ನಾಲ್ವರಿಗೆ ೪೦೦ ಗ್ರಾಂ ತೋಫು, ೧೫೦ ಗ್ರಾಂ ಕೈಮಾ ಸಾಕು. ತೋಫುವಿನ ತುಂಡುಗಳನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡಿ. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ, ಕೈಮಾವನ್ನು ಕಂದುಬಣ್ಣ ಬರುವವರೆಗೆ ಹುರಿಯಿರಿ. ಇಲ್ಲಿ ಅವಸರ ಸಲ್ಲದು. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ದೇಹವನ್ನು ಸೇರಬಲ್ಲದು; ಕೊಚ್ಚಿದ ಮಾಂಸದ ಒಳಶಾಖ ೭೧ ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬೀದಿಯಲ್ಲಿ ಅಲೆದ ಹಂದಿಯ ಮಾಂಸವನ್ನು ಕೊಳ್ಳದಿರುವುದೇ ಲೇಸು.

ಅನಂತರ ಎರಡು ಚಮಚ ದೋಬಾನ್‌ಜಿಯಾಂಗ್ ಹಾಕಿ. ಮೆಣಸಿನಕಾಯಿಯೊಡನೆ ಕಾಳನ್ನು ಹುಳಿಯಿಸಿ ಮಾಡುವ ಈ ಸಿಚುವಾನ್ ಗೊಜ್ಜು ದೊಡ್ಡ ನಗರಗಳ ಅಂಗಡಿಗಳಲ್ಲಿ ಸೀಸೆಗಳಲ್ಲಿ ದೊರೆಯುತ್ತದೆ. ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಬಣ್ಣವನ್ನು ಕೊಟ್ಟೀತು, ಹುಳಿತದ ಆಳವನ್ನು ಕೊಡಲಾರದು. ಎಣ್ಣೆ ಕೆಂಪೇರಿದಾಗ ಶುಂಠಿ, ಬೆಳ್ಳುಳ್ಳಿ, ಒಂದೂವರೆ ಲೋಟ ನೀರು, ತೋಫು ಸೇರಿಸಿ ಐದಾರು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ನೀರಿನಲ್ಲಿ ಕಲಸಿದ ಜೋಳದ ಹಿಟ್ಟಿನ ಪಿಷ್ಟವನ್ನು ಎರಡು ಮೂರು ಸಲ ಹಾಕಿದರೆ ಸಾರು ತೋಫುವಿಗೆ ಅಂಟುತ್ತದೆ. ಇಳಿಸುವಾಗ ಹುರಿದು ಪುಡಿ ಮಾಡಿದ ಜುಮ್ಮಿನಕಾಯಿ ಉದುರಿಸಿ. ಅದರ ಕಪ್ಪು ಬೀಜವನ್ನು ಬಿಸಾಡಬೇಕು, ಸಿಪ್ಪೆಯೇ ಬೇಕಾದುದು. ಬಿಸಿ ಅನ್ನ ಇದಕ್ಕೆ ಒಪ್ಪುತ್ತದೆ.

ಪರದೇಶದ ಅಡುಗೆಯನ್ನು ಕನ್ನಡದಲ್ಲಿ ಬರೆಯಲು ಕಾರಣವುಂಟು. ಗಡಿನಾಡಿನಲ್ಲಿ ಕಚೇರಿಯ ಕಡತ ತೆಲುಗಿನದು, ಪೇಟೆಯ ಮಾತು ತೆಲುಗಿನದು. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯಲೆಂದು ೧೯೫೬ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ ೩೫೦-ಎ ವಿಧಿಯನ್ನು ಸೇರಿಸಿತು. ಅಡುಗೆಮನೆಯ ಭಾಷೆಯನ್ನು ಕಾಯುವ ವಿಧಿ ಯಾವುದೂ ಇಲ್ಲ. ಅದನ್ನು ಮನೆಯವರೇ ಕಾಯಬೇಕು. ನಮ್ಮ ಮಕ್ಕಳು ಕಾಲು ಜೋಮು ಹಿಡಿದಾಗ ‘ತಿಮ್ಮಿರಿ’ ಎಂದರೆ ತಪ್ಪಿಲ್ಲ, ಅದೂ ನೆರೆಯ ಸೊಗಸಾದ ಮಾತು. ಆದರೆ ಜೋಮು, ಜುಮ್ಮು ಎಂಬ ಮಾತುಗಳು ಅವರ ಬಾಯಲ್ಲಿ ಉಳಿಯಬೇಕಾದರೆ, ಆ ಅನುಭವದ ವೇಳೆಯಲ್ಲೇ ಅವನ್ನು ನುಡಿಯಬೇಕು. ತುಟಿ ಜುಮ್ಮೆಂದು ನಡುಗುವಾಗ ‘ಇದಕ್ಕೆ ಏನೆನ್ನುತ್ತಾರೆ?’ ಎಂದು ಮಗು ಕೇಳಿದರೆ, ಉತ್ತರ ನಮ್ಮಲ್ಲಿ ಸಿದ್ಧವಾಗಿರಲಿ.